ಬಣ್ಣ ಹೇಳಿ ಅಂದರು, ಮೂತಿಯನ್ನೇ ಬದಲಿಸಿದರು: ಕೆನೆತ್ ಗ್ರೇಂಜ್ ಮತ್ತು ಇಂಟರ್‌ಸಿಟಿ 125

1970ರ ದಶಕದ ಶುರುವಿನಲ್ಲಿ ಬ್ರಿಟಿಷ್ ರೈಲ್ ಸಂಸ್ಥೆ ಲಂಡನ್ನಿನ ಡಿಸೈನರ್ ಒಬ್ಬರಿಗೆ ಒಂದು ಸಣ್ಣ ಕೆಲಸ ಕೊಟ್ಟಿತು. ಮುಂದೆ ಇಂಟರ್‌ಸಿಟಿ 125 ಎಂದು ಹೆಸರಾದ ಹೊಸ ವೇಗದ ಡೀಸೆಲ್ ರೈಲೊಂದು ತಯಾರಾಗುತ್ತಿತ್ತು. ಅದಕ್ಕೆ ಯಾವ ಬಣ್ಣ ಹೊಂದುತ್ತದೆ, ಪಟ್ಟಿ ಎಲ್ಲಿ ಬರಬೇಕು, ಅಕ್ಷರ ಎಲ್ಲಿ ಬರಬೇಕು ಎಂದು ಅವರು ಹೇಳಬೇಕಿತ್ತು. ಅಷ್ಟೇ. ರೈಲಿನ ಆಕಾರದ ಬಗ್ಗೆ ಅವರನ್ನು ಯಾರೂ ಕೇಳಿರಲಿಲ್ಲ. ಅದನ್ನು ಇಂಜಿನಿಯರ್‌ಗಳು ಆಗಲೇ ತೀರ್ಮಾನಿಸಿದ್ದರು.

ಆ ಡಿಸೈನರ್ ಕೆನೆತ್ ಗ್ರೇಂಜ್. ಅವರು ಬಣ್ಣದ ಕೆಲಸ ಮುಗಿಸಿಕೊಟ್ಟರು. ಜೊತೆಗೆ ಬೇರೆಯದೇ ಮೂತಿಯ ಒಂದು ಮಾದರಿಯನ್ನೂ ತಂದು ಮೇಜಿನ ಮೇಲಿಟ್ಟರು. ಮುಂದೆ ಕ್ರೂ ಊರಿನ ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬಂದ ಎಂಜಿನ್‌ಗಳಿಗೆಲ್ಲ ಇದ್ದದ್ದು ಗ್ರೇಂಜ್ ಕೊಟ್ಟ ಮೂತಿ.

ಧೈರ್ಯವಂತ ಕಲಾವಿದನೊಬ್ಬ ಹಟಮಾರಿ ಸಂಸ್ಥೆಯ ಕಣ್ಣು ತೆರೆಸಿದ ಎಂಬ ಧಾಟಿಯಲ್ಲಿ ಈ ಪ್ರಸಂಗವನ್ನು ಹೇಳುವುದುಂಟು. ಧೈರ್ಯ ಇತ್ತು, ಒಪ್ಪೋಣ. ಆದರೆ ಯಾರೂ ಕೇಳದ ಸಲಹೆಗಳು ಪ್ರತಿ ಆಫೀಸಿನಲ್ಲೂ ದಿನಾ ಬರುತ್ತವೆ, ದಿನಾ ಕಸದ ಬುಟ್ಟಿಗೆ ಹೋಗುತ್ತವೆ. ಈ ಸಲಹೆ ಏಕೆ ಹೋಗಲಿಲ್ಲ? ಸರ್ಕಾರಿ ಒಡೆತನದ ಅಷ್ಟು ದೊಡ್ಡ ಸಂಸ್ಥೆ ತನ್ನ ಇಂಜಿನಿಯರ್‌ಗಳ ನಕ್ಷೆಯನ್ನು ಬದಿಗಿಟ್ಟು ಹೊರಗಿನವರೊಬ್ಬರ ಮಾತು ಕೇಳಿದ್ದು ಹೇಗೆ? ನನಗೆ ಈ ಪ್ರಕರಣದಲ್ಲಿ ಹುಡುಕಬೇಕು ಅನಿಸುವುದು ಇದಕ್ಕೆ ಉತ್ತರ.

ರೈಲಿಗಿಂತ ಮುಂಚೆ

ಗ್ರೇಂಜ್ ಹುಟ್ಟಿದ್ದು 1929ರ ಜುಲೈ 17ರಂದು, ಪೂರ್ವ ಲಂಡನ್ನಿನಲ್ಲಿ. ಅಪ್ಪ ಪೊಲೀಸ್. ಅಮ್ಮ ಸ್ಪ್ರಿಂಗ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಗ್ರೇಂಜ್ ವಿಲ್ಸ್‌ಡನ್ ಕಲಾ ಶಾಲೆ ಸೇರಿ ಚಿತ್ರ ಬರೆಯುವುದು, ಅಕ್ಷರ ಬರೆಯುವುದು ಕಲಿತರು. ಆಮೇಲೆ ಕಡ್ಡಾಯ ಸೇನಾ ಸೇವೆ. ರಾಯಲ್ ಇಂಜಿನಿಯರ್ಸ್ ಪಡೆಯಲ್ಲಿ ಅವರಿಗೆ ಸಿಕ್ಕಿದ್ದು ತಾಂತ್ರಿಕ ಚಿತ್ರಕಾರನ ಕೆಲಸ. ಯಂತ್ರದ ಯಾವ ಭಾಗ ಎಲ್ಲಿ ಕೂರುತ್ತದೆ, ಏನನ್ನು ಮೊದಲು ಬಿಚ್ಚಬೇಕು ಎಂದು ಓದುವವರಿಗೆ ಗೊತ್ತಾಗುವ ಹಾಗೆ ಚಿತ್ರ ಬರೆಯಬೇಕು. ಅವರಿಗೆ ಇಂಜಿನಿಯರಿಂಗ್ ಪದವಿ ಇರಲಿಲ್ಲ. ಯಂತ್ರದ ಒಳಗನ್ನು ನೋಡಿ ಅರ್ಥಮಾಡಿಕೊಳ್ಳುವ ಅಭ್ಯಾಸ ಶುರುವಾಗಿದ್ದು ಅಲ್ಲಿ ಅಂತ ನನ್ನ ಲೆಕ್ಕ.

ಮುಂದಿನ ವರ್ಷಗಳು ವಾಸ್ತುಶಿಲ್ಪಿಗಳ ಕಚೇರಿಗಳಲ್ಲಿ ಕಳೆದವು. ಗಾರ್ಡನ್ ಬೋಯರ್ ಅವರ ಬಳಿ ಇದ್ದಾಗ 1951ರ ಫೆಸ್ಟಿವಲ್ ಆಫ್ ಬ್ರಿಟನ್ ಉತ್ಸವದ ಕೆಲಸ, ನಂತರ ಜಾಕ್ ಹೋವ್ ಅವರ ಕಚೇರಿ. 1950ರ ದಶಕ ಮುಗಿಯುವ ಹೊತ್ತಿಗೆ ಸ್ವಂತ ಕಚೇರಿ. 1958ರಲ್ಲಿ ಲಂಡನ್ನಿನ ಮೇಫೇರ್ ಬೀದಿಗಳಲ್ಲಿ ಬ್ರಿಟನ್ನಿನ ಮೊದಲ ಪಾರ್ಕಿಂಗ್ ಮೀಟರ್‌ಗಳು ಬಂದವು. ಆಗಿನ ವೆನ್ನರ್ ಕಂಪನಿಯ ಮೀಟರ್‌ಗೆ ರೂಪ ಕೊಟ್ಟವರು ಗ್ರೇಂಜ್.

ರೈಲಿನ ಪ್ರಸಂಗ ಓದುವ ಮುಂಚೆ ಗೊತ್ತಿರಬೇಕಾದ ಎರಡು ಘಟನೆಗಳಿವೆ. ಮೊದಲನೆಯದು ಕೊಡಾಕ್‌ನದು. 1958ರ ಬ್ರಸೆಲ್ಸ್ ವಿಶ್ವ ಮೇಳದಲ್ಲಿ ಕೊಡಾಕ್ ಮಳಿಗೆಯ ಪ್ರದರ್ಶನ ಸಿದ್ಧಪಡಿಸುವ ಕೆಲಸ ಅವರಿಗೆ ಸಿಕ್ಕಿತ್ತು. ಕ್ಯಾಮೆರಾಗಳನ್ನು ಜೋಡಿಸುತ್ತಾ, ಇವು ಇಷ್ಟು ಕೆಟ್ಟದಾಗಿಲ್ಲದಿದ್ದರೆ ಮಳಿಗೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು ಎಂದು ಯಾರಿಗೋ ಅಂದರು. ಮಾತು ಕಂಪನಿಯವರ ಕಿವಿಗೆ ಬಿತ್ತು. ಹಾಗಾದರೆ ನೀವೇ ಒಂದು ಕ್ಯಾಮೆರಾ ಮಾಡಿ ಎಂದು ಕರೆ ಬಂತು. ಬ್ರೌನಿ 44ಎ ಹುಟ್ಟಿದ್ದು ಹಾಗೆ. ಕೊಡಾಕ್ ಜೊತೆಗಿನ ನಂಟು ಮುಂದೆ ಇನ್‌ಸ್ಟಾಮ್ಯಾಟಿಕ್ ಕ್ಯಾಮೆರಾಗಳವರೆಗೂ ನಡೆಯಿತು.

ಎರಡನೆಯದು ಕೆನ್‌ವುಡ್ ಶೆಫ್, ಹಿಟ್ಟು ಕಲಸುವ ಅಡುಗೆಮನೆಯ ಯಂತ್ರ. ಅದರ ಹೊಸ ರೂಪಕ್ಕೆ ಸಿಕ್ಕಿದ್ದು ಕೆಲವೇ ದಿನಗಳ ಸಮಯ. ಪೂರ್ತಿ ಮಾದರಿ ಮಾಡಲು ಹೊತ್ತಿರಲಿಲ್ಲ. ಗ್ರೇಂಜ್ ಅರ್ಧ ಯಂತ್ರದ ಮಾದರಿ ಮಾಡಿ, ಅದನ್ನು ಕನ್ನಡಿಗೆ ತಾಗಿಸಿ ನಿಲ್ಲಿಸಿ ತೋರಿಸಿದರು. ನೋಡಿದವರಿಗೆ ಪೂರ್ತಿ ಯಂತ್ರ ಕಂಡಿತು. 1960ರಲ್ಲಿ ಮಾರುಕಟ್ಟೆಗೆ ಬಂದ ಎ701 ಮಾದರಿ ಅದೇ.

ಎರಡರಲ್ಲೂ ಅವರ ಸ್ವಭಾವ ಕಾಣುತ್ತದೆ. ಕೊಟ್ಟ ಕೆಲಸದ ಪಕ್ಕದಲ್ಲಿ ಏನು ಸರಿಯಿಲ್ಲವೋ ಅದು ಅವರ ಕಣ್ಣಿಗೆ ಬೀಳುತ್ತಿತ್ತು. ಮತ್ತೆ, ಬರೀ ಬಾಯಿಮಾತಿನಲ್ಲಿ ವಾದಿಸುತ್ತಾ ಕೂರದೆ, ಮುಟ್ಟಿ ನೋಡಬಹುದಾದ ವಸ್ತುವೊಂದನ್ನು ಮುಂದಿಡುತ್ತಿದ್ದರು. 1963ರಲ್ಲಿ ಮಿಲ್‌ವರ್ಡ್ ಕೂರಿಯರ್ ಎಂಬ ಶೇವರ್‌ಗೆ ಡ್ಯೂಕ್ ಆಫ್ ಎಡಿನ್‌ಬರೋ ಹೆಸರಿನ ವಿನ್ಯಾಸ ಪ್ರಶಸ್ತಿ ಬಂತು. 1969ರಲ್ಲಿ ರಾಯಲ್ ಡಿಸೈನರ್ ಫಾರ್ ಇಂಡಸ್ಟ್ರಿ ಗೌರವ. 1972ರಲ್ಲಿ ಥಿಯೋ ಕ್ರಾಸ್ಬಿ, ಅಲನ್ ಫ್ಲೆಚರ್, ಕಾಲಿನ್ ಫೋರ್ಬ್ಸ್, ಮರ್ವಿನ್ ಕುರ್ಲಾನ್ಸ್ಕಿ ಜೊತೆ ಸೇರಿ ಪೆಂಟಾಗ್ರಾಮ್ ಎಂಬ ವಿನ್ಯಾಸ ಸಂಸ್ಥೆ ಕಟ್ಟಿದರು. ಐವರಲ್ಲಿ ವಸ್ತುಗಳ ವಿನ್ಯಾಸಕ ಅವರೊಬ್ಬರೇ.

ಬ್ರಿಟಿಷ್ ರೈಲಿನ ಕಷ್ಟ

ಆ ಹೊತ್ತಿಗೆ ರೈಲಿನ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಊರಿಂದೂರಿಗೆ ಮೋಟರ್‌ವೇಗಳು ಬರುತ್ತಿದ್ದವು. ಲಂಡನ್ನಿನಿಂದ ವೇಲ್ಸ್ ಕಡೆಗೆ ಹೋಗುವ ಎಂ4 ರಸ್ತೆ 1971ರ ಕೊನೆಗೆ ಪೂರ್ತಿಯಾಯಿತು. ಜನ ಕಾರು ಹತ್ತುತ್ತಿದ್ದರು. ಜಪಾನ್ 1964ರಲ್ಲೇ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿಗಾಗಿ ಹೊಸ ಹಳಿಯನ್ನೇ ಹಾಕಿತ್ತು. ಬ್ರಿಟನ್ನಿನ ಬಳಿ ಅದಕ್ಕೆ ದುಡ್ಡಿರಲಿಲ್ಲ. ವಿಕ್ಟೋರಿಯಾ ಕಾಲದ ಹಳಿ, ಇರುವ ಸಿಗ್ನಲ್, ಇರುವ ತಿರುವುಗಳ ಮೇಲೇ ವೇಗ ಜಾಸ್ತಿ ಮಾಡಬೇಕಿತ್ತು.

ಅದಕ್ಕೆ ಅವರು ನಂಬಿದ್ದು ತಿರುವಿನಲ್ಲಿ ವಾಲುವ ಎಪಿಟಿ ರೈಲನ್ನು. ಆದರೆ ಅದು ತಡವಾಗುತ್ತಲೇ ಹೋಯಿತು. ಆಗ ಮುಖ್ಯ ಇಂಜಿನಿಯರ್ ಟೆರಿ ಮಿಲ್ಲರ್ ಇನ್ನೊಂದು ದಾರಿ ಸೂಚಿಸಿದರು. ಗೊತ್ತಿರುವ ತಂತ್ರಜ್ಞಾನವನ್ನೇ ಬಳಸಿ, ಗಂಟೆಗೆ 125 ಮೈಲಿ, ಅಂದರೆ ಸುಮಾರು 200 ಕಿಲೋಮೀಟರ್ ವೇಗದ ಡೀಸೆಲ್ ರೈಲು ಕಟ್ಟೋಣ. 1970ರಲ್ಲಿ ಒಪ್ಪಿಗೆ ಸಿಕ್ಕಿತು.

ಮಿಲ್ಲರ್ ತಂಡದ ಲೆಕ್ಕಾಚಾರ ಬಹಳ ಜಾಣತನದ್ದು. ಅಷ್ಟು ವೇಗಕ್ಕೆ ಬೇಕಾದ ಶಕ್ತಿಯನ್ನೆಲ್ಲ ಒಂದೇ ಎಂಜಿನ್‌ನಲ್ಲಿ ತುಂಬಿದರೆ ಅದರ ಭಾರ ಹಳಿಗೆ ಹೆಚ್ಚಾಗುತ್ತದೆ. ಹಾಗಾಗಿ ಶಕ್ತಿಯನ್ನು ಎರಡು ಭಾಗ ಮಾಡಿದರು. ರೈಲಿನ ಎರಡೂ ತುದಿಯಲ್ಲಿ ಒಂದೊಂದು ಪವರ್ ಕಾರ್, ಒಂದೊಂದರಲ್ಲೂ 2,250 ಅಶ್ವಶಕ್ತಿಯ ಪ್ಯಾಕ್ಸ್‌ಮನ್ ಡೀಸೆಲ್ ಎಂಜಿನ್. ಪವರ್ ಕಾರ್‌ನ ತೂಕ ಸುಮಾರು 70 ಟನ್, ನಾಲ್ಕು ಅಚ್ಚುಗಳಿಗೆ ಹಂಚಿದರೆ ಒಂದಕ್ಕೆ ಹದಿನೇಳೂವರೆ ಟನ್. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ತರುವ ಗೋಜೂ ಇಲ್ಲ. ಬ್ರೇಕ್ ಇನ್ನೊಂದು ಸವಾಲು. ಸಿಗ್ನಲ್‌ಗಳ ನಡುವಿನ ದೂರ ನಿಗದಿಯಾಗಿದ್ದದ್ದು ಗಂಟೆಗೆ 100 ಮೈಲಿ ವೇಗಕ್ಕೆ. 125ರಲ್ಲಿ ಬರುವ ರೈಲೂ ಅಷ್ಟೇ ದೂರದಲ್ಲಿ ನಿಲ್ಲಬೇಕು. ಅದಕ್ಕೆ ಡಿಸ್ಕ್ ಬ್ರೇಕ್ ಹಾಕಿದರು.

1972ರಲ್ಲಿ ಪ್ರಾಯೋಗಿಕ ರೈಲು ಸಿದ್ಧವಾಯಿತು. 1973ರ ಜೂನ್‌ನಲ್ಲಿ ಅದು ಯಾರ್ಕ್‌ಷೈರ್‌ನಲ್ಲಿ ಗಂಟೆಗೆ 143 ಮೈಲಿ ಮುಟ್ಟಿ ಡೀಸೆಲ್ ರೈಲಿನ ವಿಶ್ವದಾಖಲೆ ಬರೆಯಿತು. ಅಂದರೆ ವೇಗದ ಸಮಸ್ಯೆ ಬಗೆಹರಿದದ್ದು ಗ್ರೇಂಜ್ ಮೂತಿ ಬರುವುದಕ್ಕೂ ಮೊದಲು, ಇಂಜಿನಿಯರ್‌ಗಳ ಮೂತಿಯಲ್ಲಿ. ಹೊಸ ಮೂತಿಯಿಂದಲೇ ರೈಲು ಓಡಿತು ಎಂಬ ಹಾಗೆ ಬರೆಯುವವರು ಮಿಲ್ಲರ್ ತಂಡಕ್ಕೆ ಅನ್ಯಾಯ ಮಾಡುತ್ತಾರೆ.

ಗಾಳಿ ಸುರಂಗದ ರಾತ್ರಿಗಳು

ಹಾಗಾದರೆ ಆ ಪ್ರಾಯೋಗಿಕ ರೈಲಿನ ಮುಖದಲ್ಲಿ ಸರಿಯಿಲ್ಲದ್ದು ಏನಿತ್ತು? ಅದು ಮೊಂಡಾಗಿತ್ತು. ಎದುರಿನ ಗಾಜು ಚಿಕ್ಕದು. ಅದರ ಹಿಂದೆ, ಸರಿಯಾಗಿ ನಡುವೆ, ಒಬ್ಬನೇ ಚಾಲಕ. ಕೆಳಗೆ ಎರಡು ಬಫರ್, ಅಂದರೆ ಬೋಗಿಗಳು ಒಂದಕ್ಕೊಂದು ತಾಗುವಾಗ ಹೊಡೆತ ತಡೆಯುವ ಭಾಗಗಳು, ಹಳೆಯ ಎಂಜಿನ್‌ಗಳಿಗೆ ಇರುವಂಥವು. ಇಷ್ಟು ವೇಗದ ರೈಲಿಗೆ ಈ ಆಕಾರ ಹೊಂದುವುದಿಲ್ಲ ಎಂದು ಗ್ರೇಂಜ್‌ಗೆ ಅನಿಸಿತು.

ಅನಿಸಿದ್ದನ್ನು ಅವರು ಹಾಗೇ ಹೋಗಿ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಬಣ್ಣದವರು ಬಣ್ಣ ನೋಡಿಕೊಳ್ಳಲಿ ಎಂಬ ಉತ್ತರ ಬರುತ್ತಿತ್ತು. ಅವರು ಗಾಳಿಯ ಹರಿವು ಬಲ್ಲ ತಜ್ಞರೊಬ್ಬರನ್ನು ಜೊತೆಗಿಟ್ಟುಕೊಂಡರು. ಮಾದರಿಗಳನ್ನು ಮಾಡಿಕೊಂಡು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಂಡ್ ಟನಲ್‌ಗೆ, ಅಂದರೆ ಗಾಳಿ ಸುರಂಗಕ್ಕೆ ಹೋದರು. ಹಗಲು ಅದರಲ್ಲಿ ಕಾಲೇಜಿನ ಕೆಲಸ. ಇವರದು ರಾತ್ರಿ ಪಾಳಿ. ಒಂದು ಆಕಾರ ಇಟ್ಟು ಗಾಳಿ ಹಾಯಿಸುವುದು, ಎಲ್ಲಿ ತಡೆಯುತ್ತದೆ ನೋಡುವುದು, ತಿದ್ದುವುದು, ಮತ್ತೆ ಇಡುವುದು.

ಇಲ್ಲಿ ರೈಲಿಗಿರುವ ಒಂದು ವಿಶೇಷ ತೊಡಕನ್ನು ಹೇಳಬೇಕು. ವಿಮಾನಕ್ಕೆ, ಕಾರಿಗೆ ಮುಂದು ಬೇರೆ, ಹಿಂದು ಬೇರೆ. ಈ ರೈಲಿಗೆ ಹಾಗಿಲ್ಲ. ಹೋಗುವಾಗ ಮೂತಿಯಾಗಿದ್ದದ್ದು ಬರುವಾಗ ಬಾಲ. ಗಾಳಿಯನ್ನು ಸೀಳುವ ಆಕಾರವೇ ಹಿಂದೆ ಗಾಳಿಯನ್ನು ಬಿಟ್ಟುಕೊಡಲೂ ಬೇಕು. ಎದುರಿನ ಹಳಿಯಲ್ಲಿ ಇನ್ನೊಂದು ರೈಲು ದಾಟಿದಾಗ, ಸುರಂಗದೊಳಗೆ ನುಗ್ಗಿದಾಗ ಗಾಳಿಯ ಹೊಡೆತ ಬೇರೆ. ಚೂಪು ಮಾಡಿದರೆ ಸಾಕು ಎನ್ನುವ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೊನೆಗೆ ಮೂಡಿದ್ದು ಕೆಳಗೆ ಮುಂದಕ್ಕೆ ಚಾಚಿ, ಗಾಜಿನ ಹತ್ತಿರ ಹಿಂದಕ್ಕೆ ಓರೆಯಾಗಿ, ಚಾವಣಿಯನ್ನು ನಯವಾಗಿ ಸೇರುವ ಆಕಾರ.

ನನಗೆ ಇಡೀ ಪ್ರಕರಣದಲ್ಲಿ ತುಂಬಾ ಇಷ್ಟವಾದ ಭಾಗ ಬಫರ್‌ಗಳದು. ಇವು ಯಾಕೆ ಬೇಕು ಎಂದು ಗ್ರೇಂಜ್ ಕೇಳಿದರು. ರೈಲಿನಲ್ಲೇ ಬದುಕು ಸವೆಸಿದವರಿಗೆ ಇದು ಪ್ರಶ್ನೆಯಾಗಿ ಕಂಡೇ ಇರುವುದಿಲ್ಲ. ಎಂಜಿನ್ ಅಂದಮೇಲೆ ಬಫರ್ ಇರುತ್ತದೆ, ಅಷ್ಟೇ ಅಲ್ವಾ? ಬೇರೆ ಬೇರೆ ಬೋಗಿಗಳನ್ನು ತಳ್ಳಲು, ಎಳೆಯಲು, ಜೋಡಿಸಲು ಅವು ಬೇಕು. ಆದರೆ ಇದು ಎರಡು ತುದಿಗೂ ಪವರ್ ಕಾರ್ ಇರುವ, ಬಿಚ್ಚಿ ಜೋಡಿಸುವ ಅಗತ್ಯ ಬೀಳದ ರೈಲು. ಇದರ ಮೂತಿ ದಿನನಿತ್ಯದ ಓಡಾಟದಲ್ಲಿ ಯಾವ ಬೋಗಿಗೂ ತಾಗುವುದಿಲ್ಲ. ಕೆಟ್ಟು ನಿಂತಾಗ ಎಳೆದೊಯ್ಯಲು ಒಂದು ಕೊಂಡಿ ಸಾಕು, ಅದನ್ನು ಮುಚ್ಚಳದ ಹಿಂದೆ ಇಡಬಹುದು. ಬಫರ್ ಹೋಯಿತು. ಮೂತಿಗೆ ಆ ನುಣುಪು ಬಂದದ್ದರಲ್ಲಿ ಇದರ ಪಾಲು ದೊಡ್ಡದು.

ಬ್ರಿಟಿಷ್ ರೈಲಿನವರ ಮುಂದೆ ಹೋದಾಗ ಅವರು ಮೊದಲು ತೋರಿಸಿದ್ದು ಕೇಳಿದ್ದ ಕೆಲಸವನ್ನು, ಅಂದರೆ ಬಣ್ಣವನ್ನು. ಆಮೇಲೆ ಹೊಸ ಮಾದರಿಯನ್ನು ಹೊರತೆಗೆದರು. ಈ ಕ್ರಮ ನನಗೆ ಮುಖ್ಯ ಅನಿಸುತ್ತದೆ. ಒಪ್ಪಿಕೊಂಡ ಕೆಲಸವನ್ನು ಬಾಕಿ ಇಟ್ಟು ಹೆಚ್ಚಿನ ಮಾತಾಡುವವರನ್ನು ಯಾರು ಕೇಳುತ್ತಾರೆ?

ಬಾಗಿಲು ಅರ್ಧ ತೆರೆದಿತ್ತು

ಗಾಳಿ ಸುರಂಗದ ಪರೀಕ್ಷೆ ಗ್ರೇಂಜ್ ಅವರ ಕೈಗೆ ಪುರಾವೆ ಕೊಟ್ಟಿತು. ಆದರೆ ಅದೊಂದರಿಂದಲೇ ಮೂತಿ ಬದಲಾಯಿತು ಎಂದು ನಾನು ಒಪ್ಪುವುದಿಲ್ಲ. ಅದೇ ಹೊತ್ತಿಗೆ ಬೇರೆ ಕಾರಣಗಳಿಗಾಗಿ ಚಾಲಕರ ಕ್ಯಾಬ್ ಬದಲಾಗಲೇಬೇಕಿತ್ತು.

ಮೊದಲನೆಯದು ಚಾಲಕರ ಸಂಘದ ತಕರಾರು. ನಡುವೆ ಒಂದೇ ಸೀಟು ಎಂದರೆ ಒಬ್ಬನೇ ಚಾಲಕ. ಅಷ್ಟು ವೇಗದಲ್ಲಿ ಒಬ್ಬನೇ ಓಡಿಸುವುದು, ಅದಕ್ಕೆ ಸಂಬಳ ಎಷ್ಟು ಎಂಬ ಜಗಳ ಎದ್ದಿತು. ಅದರಿಂದ ಪ್ರಾಯೋಗಿಕ ರೈಲಿನ ಓಡಾಟವೇ ನಿಂತಿತ್ತು. ಕೊನೆಗೆ ಗಂಟೆಗೆ 100 ಮೈಲಿ ಮೀರಿದರೆ ಇಬ್ಬರು ಚಾಲಕರು ಎಂದಾಯಿತು. ಇಬ್ಬರು ಅಂದಮೇಲೆ ಎರಡು ಸೀಟು, ಅಗಲದ ಕ್ಯಾಬ್, ದೊಡ್ಡ ಕಿಟಕಿ.

ಎರಡನೆಯದು ಗಾಜು. ಪ್ರಾಯೋಗಿಕ ರೈಲಿನ ಕಿಟಕಿ ಚಿಕ್ಕದಾಗಿದ್ದಕ್ಕೆ ಕಾರಣವಿತ್ತು. ಆ ವೇಗದಲ್ಲಿ ಒಂದು ಕಲ್ಲೋ ಹಕ್ಕಿಯೋ ಬಡಿದರೆ ತಡೆಯುವಷ್ಟು ಗಟ್ಟಿ ಗಾಜು ಬೇಕು. ಅಷ್ಟರಲ್ಲಿ ದೊಡ್ಡ ಅಳತೆಯಲ್ಲೂ ತಡೆಯಬಲ್ಲ ಪದರುಗಾಜು ಸಿಗುವಂತಾಯಿತು. ಹೀಗೆ ಕಾರ್ಮಿಕರ ಒಂದು ವಾದ, ಗಾಜಿನ ಒಂದು ಸುಧಾರಣೆ, ಡಿಸೈನರ್‌ನ ಒಂದು ಮಾದರಿ ಒಂದೇ ಸಮಯಕ್ಕೆ ಕೂಡಿಬಂದವು. ಹೊಸ ನಕ್ಷೆ ಹೇಗೂ ಬರೆಯಬೇಕಿತ್ತು. ಗ್ರೇಂಜ್ ಆಗ ಪರೀಕ್ಷೆ ಮಾಡಿದ ಆಕಾರವನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

ಮೂತಿಯನ್ನು ಫೈಬರ್‌ಗ್ಲಾಸ್‌ನಲ್ಲಿ ಅಚ್ಚು ಹಾಕಿದರು. ಇಂಥ ಬಾಗುಗಳನ್ನು ಉಕ್ಕಿನ ಹಾಳೆಯಲ್ಲಿ ತರುವುದು ದುಬಾರಿ ಕೆಲಸ. ಬಣ್ಣದಲ್ಲೂ ಅವರ ಜಾಣ್ಮೆ ಇದೆ. ಹಳಿಯ ಮೇಲೆ ಕೆಲಸ ಮಾಡುವವರಿಗೆ ದೂರದಿಂದಲೇ ಕಾಣಲಿ ಎಂದು ಬ್ರಿಟನ್ನಿನಲ್ಲಿ ರೈಲಿನ ಮುಂಭಾಗಕ್ಕೆ ಹಳದಿ ಬಳಿಯಬೇಕಿತ್ತು. ಬೇರೆ ಎಂಜಿನ್‌ಗಳ ಮೇಲೆ ಅದು ಅಂಟಿಸಿದ ತೇಪೆಯ ಹಾಗೆ ಕಾಣುತ್ತಿತ್ತು. ಗ್ರೇಂಜ್ ಆ ಹಳದಿಯನ್ನು ಮೂತಿಯಿಂದ ಪಕ್ಕಕ್ಕೂ ಹರಿಯಬಿಟ್ಟರು. ನಿಯಮ ಪಾಲಿಸಿದ ಹಾಗೂ ಆಯಿತು, ನಿಂತಾಗಲೂ ರೈಲಿಗೆ ಓಟದ ಭಾವ ಬಂತು.

1976ರ ಅಕ್ಟೋಬರ್ 4ರಂದು ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬ್ರಿಸ್ಟಲ್ ಮತ್ತು ಸೌತ್ ವೇಲ್ಸ್ ಕಡೆಗೆ ಸೇವೆ ಶುರುವಾಯಿತು. 1978ರಿಂದ ಎಡಿನ್‌ಬರೋ ಕಡೆಗೂ ಓಡಿತು. 1982ರವರೆಗೆ 197 ಪವರ್ ಕಾರ್‌ಗಳು ತಯಾರಾದವು. ಎಪಿಟಿ ಬರುವವರೆಗೆ ಸಾಕು ಎಂದು ಕಟ್ಟಿದ ರೈಲು ಇದು. ಎಪಿಟಿ 1981ರ ಡಿಸೆಂಬರ್‌ನಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡು, ಪತ್ರಿಕೆಯವರ ಎದುರೇ ಎಡವಿ, ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ತಾತ್ಕಾಲಿಕ ಅಂದುಕೊಂಡದ್ದು 1987ರಲ್ಲಿ ಗಂಟೆಗೆ 148 ಮೈಲಿ ಓಡಿ ತನ್ನದೇ ಜಾತಿಯ ದಾಖಲೆ ಮುರಿಯಿತು. ಲಂಡನ್ನಿನ ಮುಖ್ಯ ಮಾರ್ಗಗಳಿಂದ ಅದು ಹಿಂದೆ ಸರಿದದ್ದು 2019ರಿಂದ 2021ರ ನಡುವೆ.

ಹೊಗಳಿಕೆಯ ಆಚೆ

ಬಫರ್ ತೆಗೆದ ತೀರ್ಮಾನ ಎಲ್ಲ ಸಂದರ್ಭಕ್ಕೂ ಹೊಂದಲಿಲ್ಲ. 1980ರ ದಶಕದ ಕೊನೆಗೆ ಪೂರ್ವ ಕರಾವಳಿ ಮಾರ್ಗಕ್ಕೆ ಹೊಸ ವಿದ್ಯುತ್ ಎಂಜಿನ್‌ಗಳು ಬಂದಾಗ, ಅವುಗಳ ರೈಲಿನ ಇನ್ನೊಂದು ತುದಿಗೆ ತಾತ್ಕಾಲಿಕವಾಗಿ ಎಂಟು ಪವರ್ ಕಾರ್‌ಗಳನ್ನು ಬಳಸಬೇಕಾಯಿತು. ಅವುಗಳಿಗೆ ಮೂತಿ ಕೊಯ್ದು ಬಫರ್ ಹಾಕಿದರು. ನೋಡಲು ಕೆಟ್ಟದಾಗಿತ್ತು. ಆದರೆ ಗ್ರೇಂಜ್ ಲೆಕ್ಕ ತಪ್ಪಿತು ಎನ್ನಲು ಇದು ಸಾಲದು. ಅವರು ಕೇಳಿದ್ದು ಈ ರೈಲು ಮಾಡುವ ಕೆಲಸಕ್ಕೆ ಬಫರ್ ಬೇಕೇ ಎಂದು. ಕೆಲಸ ಬದಲಾದಾಗ ಉತ್ತರವೂ ಬದಲಾಯಿತು.

ಇನ್ನೊಂದು ಗಂಭೀರ ವಿಷಯ. 2020ರ ಆಗಸ್ಟ್ 12ರಂದು ಸ್ಕಾಟ್ಲೆಂಡ್‌ನ ಕಾರ್ಮಾಂಟ್ ಬಳಿ, ಮಳೆಗೆ ಕೊಚ್ಚಿಬಂದ ಕಲ್ಲುಗಳ ಮೇಲೆ ಹರಿದು ಇಂಥದೇ ರೈಲೊಂದು ಹಳಿ ತಪ್ಪಿತು. ಚಾಲಕ, ಕಂಡಕ್ಟರ್, ಒಬ್ಬ ಪ್ರಯಾಣಿಕ, ಮೂವರು ಸತ್ತರು. ಹಳಿ ತಪ್ಪಲು ರೈಲಿನ ವಿನ್ಯಾಸ ಕಾರಣವಲ್ಲ. ಆದರೆ ಇಂದಿನ ಅಪಘಾತ ಸುರಕ್ಷತೆಯ ಮಾನದಂಡಕ್ಕೆ ತಕ್ಕ ರೈಲಾಗಿದ್ದರೆ ಪರಿಣಾಮ ಇಷ್ಟು ಕೆಟ್ಟದಾಗದಿರುವ ಸಾಧ್ಯತೆಯೇ ಹೆಚ್ಚು ಎಂದು ತನಿಖೆ ಹೇಳಿತು. 1970ರ ದಶಕದ ಮೂತಿಯನ್ನು ಮೆಚ್ಚುವಾಗ ಇದನ್ನು ಮರೆಯಬಾರದು. ಒಂದು ವಸ್ತು ಚೆನ್ನಾಗಿದೆ, ಗಟ್ಟಿಯಾಗಿದೆ ಎಂದು ಅದನ್ನು ಎಷ್ಟು ಕಾಲ ದುಡಿಸಬೇಕು ಎಂಬ ತೀರ್ಮಾನ ಡಿಸೈನರ್ ಕೈಯಲ್ಲಿರುವುದಿಲ್ಲ. ಅದು ನಡೆಸುವವರ ಹೊಣೆ.

ಗ್ರೇಂಜ್ ಮುಂದೆಯೂ ದಶಕಗಳ ಕಾಲ ದುಡಿದರು. ಪಾರ್ಕರ್ 25 ಪೆನ್, 1997ರ ಟಿಎಕ್ಸ್1 ಲಂಡನ್ ಟ್ಯಾಕ್ಸಿ, ರಾಯಲ್ ಮೇಲ್‌ನ ಹಳ್ಳಿ ಅಂಚೆಪೆಟ್ಟಿಗೆ, ಆಂಗಲ್‌ಪಾಯ್ಸ್ ಮೇಜುದೀಪ. ವಯಸ್ಸಾದವರು ಸುಲಭವಾಗಿ ಕೂತು ಏಳುವ ಕುರ್ಚಿಗಳನ್ನು ಮಾಡಿದ್ದು ತಾವೂ ಎಂಬತ್ತು ದಾಟಿದ ಮೇಲೆ. 2013ರಲ್ಲಿ ಸರ್ ಪದವಿ ಬಂತು. 2016ರಲ್ಲಿ ಮೊದಲ ಸಾಲಿನ 43002 ಪವರ್ ಕಾರ್‌ಗೆ ಹಳೆಯ ಹಳದಿ-ನೀಲಿ ಬಣ್ಣ ಬಳಿದು ಅವರ ಹೆಸರಿಟ್ಟರು. ಅದು ಈಗ ರಾಷ್ಟ್ರೀಯ ಸಂಗ್ರಹದಲ್ಲಿದೆ. ಮೊಂಡು ಮೂತಿಯ ಪ್ರಾಯೋಗಿಕ ಪವರ್ ಕಾರ್ 41001 ಕೂಡ ಉಳಿದಿದೆ. 2024ರ ಜುಲೈನಲ್ಲಿ, 95ನೇ ವಯಸ್ಸಿಗೆ, ಗ್ರೇಂಜ್ ತೀರಿಕೊಂಡರು.

ಈಗ ಇಂಥದ್ದು ನಡೆಯುತ್ತದೆಯೇ?

ಮೊದಲು ಕೇಳಿದ ಪ್ರಶ್ನೆಗೆ ನನ್ನ ಉತ್ತರದ ಉಳಿದ ಭಾಗ ಇಲ್ಲಿದೆ. ಗ್ರೇಂಜ್ ಮಾದರಿ ಹಿಡಿದು ಹೋದ ಬ್ರಿಟಿಷ್ ರೈಲ್‌ನಲ್ಲಿ ರೈಲು ಓಡಿಸುವವರು, ನಕ್ಷೆ ಬರೆಯುವವರು, ಕ್ರೂ ಮತ್ತು ಡರ್ಬಿಯಲ್ಲಿ ಅದನ್ನು ಕಟ್ಟುವವರು, ಸಂಶೋಧನೆ ಮಾಡುವವರು ಎಲ್ಲ ಒಂದೇ ಸೂರಿನಡಿ ಇದ್ದರು. ಒಂದು ಕೋಣೆಯಲ್ಲಿ ಒಪ್ಪಿಗೆ ಸಿಕ್ಕರೆ ಅದು ಕಾರ್ಖಾನೆ ತಲುಪುತ್ತಿತ್ತು. ಆ ಸಂಸ್ಥೆಯನ್ನು ನಿಧಾನ, ದಪ್ಪ ಚರ್ಮದ್ದು ಎಂದು ಬೈದವರು ಬಹಳ. ಆದರೂ ಹೊರಗಿನವರ ಒಂದು ಒಳ್ಳೆಯ ಯೋಚನೆಯನ್ನು ಗುರುತಿಸುವ, ಗುರುತಿಸಿದ್ದನ್ನು ಮಾಡುವ ಶಕ್ತಿ ಅದಕ್ಕಿತ್ತು.

1990ರ ದಶಕದ ನಡುವಿನಲ್ಲಿ ಅದನ್ನು ಒಡೆದು ಖಾಸಗಿಯವರಿಗೆ ಹಂಚಲಾಯಿತು. 125ರ ಜಾಗಕ್ಕೆ ಬಂದ ಹಿಟಾಚಿಯ 800 ಶ್ರೇಣಿಯ ರೈಲುಗಳು 2017ರ ಅಕ್ಟೋಬರ್‌ನಿಂದ ಓಡುತ್ತಿವೆ. ಅವು ಒಳ್ಳೆಯ ರೈಲುಗಳೇ. ಆದರೆ ಗುತ್ತಿಗೆ ಬರೆದದ್ದು ಸಾರಿಗೆ ಇಲಾಖೆ, ತಯಾರಿಸಿದ್ದು ಒಂದು ಕಂಪನಿ, ಓಡಿಸುವುದು ಇನ್ನೊಂದು, ಹಳಿ ಮತ್ತೊಬ್ಬರದು. ಬಣ್ಣ ಹೇಳಲು ಬಂದ ಡಿಸೈನರ್‌ಗೆ ಮೂತಿಯ ಬಗ್ಗೆ ಏನಾದರೂ ಅನಿಸಿದರೆ ಇವರಲ್ಲಿ ಯಾರ ಮೇಜಿನ ಮೇಲೆ ಮಾದರಿ ಇಡಬೇಕು? ಅಷ್ಟು ಹೊತ್ತಿಗೆ ಗುತ್ತಿಗೆಗೆ ಸಹಿ ಬಿದ್ದು, ಆಕಾರ ಕಾಗದದಲ್ಲಿ ಸೇರಿಹೋಗಿರುತ್ತದೆ. ಬದಲಿಸಬೇಕೆಂದರೆ ಪ್ರತಿ ಗೆರೆಗೂ ಹೊಸ ಬೆಲೆ ಮಾತಾಡಬೇಕಾಗುತ್ತದೆ.